ಮುತ್ತಿನ ಕ್ರೀಮು

ಜನವರಿ ೬, ಸೋಮವಾರ

ಟೀಚರ್ ಕೊಟ್ಟ ಡೈರಿ ಐದು ದಿನದಿಂದ ಹೊಲಿಗೆ ಯಂತ್ರದ ಪಕ್ಕದಲ್ಲೇ ಬಿದ್ದಿತ್ತು. ಗಿರಾಕಿಗಳ ಅಳತೆ ಬರೆಯಲು ನನ್ನ ಹತ್ತಿರ ಬೇರೆ ಪುಸ್ತಕವಿದೆ, ಇದರಲ್ಲಿ ಏನು ಬರೆಯಲಿ ಎಂದು ಕೇಳಿದ್ದೆ. ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಯಾರೂ ತಿದ್ದಿ ಅಂಕ ಕೊಡುವುದಿಲ್ಲ ಎಂದು ನಕ್ಕರು. ಅವರು ನಮ್ಮ ಬೀದಿಯ ಕೊನೆಯ ಮನೆಯವರು, ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾರೆ. ಹತ್ತು ವರ್ಷದಿಂದ ಅವರ ಬಟ್ಟೆಗೆ ನನ್ನನ್ನು ಬಿಟ್ಟು ಬೇರೆ ಯಾರೂ ಕತ್ತರಿ ಹಾಕಿಲ್ಲ.

ಅತ್ತೆ ಬಂದು ವಾರವಾಯಿತು. ಇಷ್ಟು ದಿನ ಭಾವನವರ ಮನೆಯಲ್ಲಿದ್ದರು, ಇನ್ನು ನಮ್ಮಲ್ಲೇ ಇರುತ್ತಾರೆ. ಒಂದು ಒರೆಯಲ್ಲಿ ಎರಡು ಕತ್ತಿ ಎಂದು ಎಲ್ಲರೂ ಹೆದರಿಸಿದ್ದರು. ಈ ಕತ್ತಿ ನನಗಿಂತ ಮೊದಲು ಎದ್ದು ಟೀ ಮಾಡಿಡುತ್ತದೆ. ಮಧ್ಯಾಹ್ನ ನಾನು ಕತ್ತರಿಸಿ ಬಿಸಾಡಿದ ತುಂಡುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿ ಗಂಟು ಕಟ್ಟುತ್ತಾರೆ. ನಮ್ಮವರು ಬಸ್ಸು ಓಡಿಸುವವರು, ವಾರದಲ್ಲಿ ನಾಲ್ಕು ದಿನ ದಾರಿಯಲ್ಲೇ ಇರುತ್ತಾರೆ. ಮನೆಯಲ್ಲಿ ಮಾತಿಗೊಬ್ಬರು ಆದರು.

ಜನವರಿ ೧೨, ಭಾನುವಾರ

ತಂಗಿ ಬಂದಿದ್ದಳು. ಎರಡು ಸ್ಟಾಪು ಆಚೆ ಬ್ಯೂಟಿ ಪಾರ್ಲರಿನಲ್ಲಿ ಅವಳ ಕೆಲಸ. ನನ್ನ ಕೆನ್ನೆಯ ಮೇಲಿನ ಭಂಗು ನೋಡಿ ನೋಡಿ ಅವಳಿಗೇ ಬೇಜಾರಾಗಿದೆ. ಮೂರು ವರ್ಷವಾಯಿತು, ಎರಡೂ ಕೆನ್ನೆಯ ಮೇಲೆ ಟೀ ಚೆಲ್ಲಿ ಒರೆಸದೆ ಬಿಟ್ಟ ಹಾಗೆ. ಗಿರಾಕಿಗಳು ಹೊಸ ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ನಾನು ಪಿನ್ನು ಚುಚ್ಚುತ್ತಾ ಹಿಂದೆ ನಿಂತಿರುತ್ತೇನೆ. ಅವರು ಬಟ್ಟೆಯನ್ನೇ ನೋಡುತ್ತಾರೋ ಏನೋ, ನಾನಂತೂ ನನ್ನ ಕೆನ್ನೆಯನ್ನೇ ನೋಡುತ್ತೇನೆ.

ಅವಳು ಒಂದು ಪುಟ್ಟ ಡಬ್ಬಿ ತಂದಿದ್ದಳು. ಮುಚ್ಚಳದ ಮೇಲೆ ಚಿನ್ನದ ಬಣ್ಣದ ಅಕ್ಷರ: ಮುತ್ತಿನ ಪುಡಿ, ಕೇಸರಿ, ಗಿಡಮೂಲಿಕೆ. ಬೆಳಿಗ್ಗೆ ಸಂಜೆ ಹಚ್ಚಬೇಕಂತೆ. ಮಾಡುವವರ ವಿಳಾಸ ಇಲ್ಲವಲ್ಲ ಎಂದೆ. ಓನರ್ ದೊಡ್ಡ ಡ್ರಮ್ಮಿನಲ್ಲಿ ತರಿಸುತ್ತಾರೆ, ನಾವೇ ತುಂಬುತ್ತೇವೆ ಎಂದಳು. ಬೆಣ್ಣೆಯ ಹಾಗೆ ನುಣುಪು, ವಾಸನೆಯೂ ಅಷ್ಟಾಗಿ ಇಲ್ಲ. ಮುತ್ತಿನ ಪುಡಿ ಅಂದ ಮೇಲೆ ಕೆಟ್ಟದ್ದೇನೂ ಇರಲಾರದು.

ಫೆಬ್ರವರಿ ೨, ಭಾನುವಾರ

ಮೂರೇ ವಾರ. ಭಂಗು ಅರ್ಧಕ್ಕರ್ಧ ಹೋಗಿದೆ! ನಮ್ಮವರು ಡ್ಯೂಟಿಯಿಂದ ಬಂದವರು ಬಾಗಿಲಲ್ಲೇ ನಿಂತು, ಮನೆ ತಪ್ಪಿ ಬಂದೆನೇನೋ ಎಂದರು. ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಅದೇನು ಹಚ್ಚುತ್ತೀಯಮ್ಮ ಎಂದು ಕೇಳಿದರು, ಡಬ್ಬಿ ತೋರಿಸಿದೆ. ಓದಲು ಬಾರದಿದ್ದರೂ ಚಿನ್ನದ ಅಕ್ಷರದ ಮೇಲೆ ಬೆರಳಾಡಿಸಿದರು.

ಫೆಬ್ರವರಿ ೨೦, ಗುರುವಾರ

ಟೀಚರಿಗೆ ಮೂರು ತಿಂಗಳು. ಮದುವೆಯಾಗಿ ಎಂಟು ವರ್ಷದ ಮೇಲೆ. ಇವತ್ತು ಬಂದು ಎಲ್ಲ ಬಟ್ಟೆಗಳ ಸೊಂಟ ಸಡಿಲ ಮಾಡಿಕೊಡಿ ಅಕ್ಕಾ ಎಂದಾಗಲೇ ನನಗೆ ಗೊತ್ತಾಯಿತು. ಇಬ್ಬರೂ ಕೈ ಹಿಡಿದುಕೊಂಡು ನಿಂತಿದ್ದೆವು.

ಅವರ ಮುಖದ ಮೇಲೂ ಕಪ್ಪು ಮಚ್ಚೆ ಎದ್ದಿದೆ, ಬಸುರಿಯರಿಗೆ ಹಾಗಾಗುತ್ತದೆ. ನನ್ನ ಮುಖ ನೋಡಿ ಏನು ಹಚ್ಚಿದಿರಿ ಎಂದು ಕೇಳಿದರು. ಗಿಡಮೂಲಿಕೆಯದ್ದು, ಏನೂ ಆಗಲ್ಲ ಎಂದು ನನ್ನ ಹತ್ತಿರವಿದ್ದ ಹೊಸ ಡಬ್ಬಿಯನ್ನೇ ಕೊಟ್ಟು ಕಳಿಸಿದೆ. ಇನ್ನೂ ಒಂದಿಬ್ಬರು ಗಿರಾಕಿಗಳು ಕೇಳಿದ್ದಾರೆ. ತಂಗಿಗೆ ಹೇಳಬೇಕು, ಡಬ್ಬಿ ತುಂಬುವಾಗ ಕೈ ಬಿಗಿ ಮಾಡಬೇಡ ಅಂತ. ಒಂದು ತಿಂಗಳು ಬರಬೇಕಾದ್ದು ಹದಿನೈದು ದಿನಕ್ಕೆ ತಳ ಕಾಣುತ್ತಿದೆ.

ಮಾರ್ಚ್ ೧೧, ಮಂಗಳವಾರ

ದೊಡ್ಡ ಕತ್ತರಿ ಬೆಳಿಗ್ಗೆಯಿಂದ ಕಾಣಲಿಲ್ಲ. ಮೇಜಿನ ಮೇಲೆ ನಾನೇ ಇಟ್ಟದ್ದು. ಇಡೀ ಮನೆ ಜಾಲಾಡಿದೆ. ಕೊನೆಗೆ ಅಡುಗೆ ಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಸಿಕ್ಕಿತು. ಅತ್ತೆಗೆ ಎಲ್ಲವನ್ನೂ ಜೋಡಿಸಿಡುವ ಚಟ. ನಾನು ಮುಟ್ಟಿಲ್ಲಮ್ಮ ಎಂದರು. ಹಾಗಾದರೆ ಕತ್ತರಿಗೆ ಕಾಲು ಬಂತೇನು?

ನಿದ್ದೆ ಸರಿ ಇಲ್ಲ.

ಏಪ್ರಿಲ್ ೧, ಮಂಗಳವಾರ

ಸೂಜಿಗಳ ಕಣ್ಣು ಈಗ ಚಿಕ್ಕದಾಗಿ ಮಾಡುತ್ತಾರೆ. ಒಂದು ದಾರ ಪೋಣಿಸಲು ಒಂಬತ್ತು ಸಲ. ಅತ್ತೆ ಕೋಣೆಯಿಂದ ನೋಡುತ್ತಿದ್ದಳು, ಕೊಡು ನಾನು ಪೋಣಿಸುತ್ತೇನೆ ಎಂದಳು. ಎಪ್ಪತ್ತು ದಾಟಿದವರು ನನಗೆ ದಾರ ಪೋಣಿಸಿಕೊಡುವುದೇ. ಬೇಡ ಎಂದೆ. ಸ್ವಲ್ಪ ಜೋರಾಗಿಯೇ ಎಂದೆನಂತೆ.

ಏಪ್ರಿಲ್ ೧೭, ಗುರುವಾರ

ಮದುವೆಯ ಉಂಗುರ ಬೆಳ್ಳಗಾಗಿದೆ. ಉಜ್ಜಿದರೆ ತವರದ ಹಾಗೆ ಹೊಳೆಯುತ್ತದೆ. ಇಪ್ಪತ್ತೆರಡು ವರ್ಷ ಇದನ್ನು ಬಂಗಾರ ಎಂದುಕೊಂಡು ಹಾಕಿಕೊಂಡಿದ್ದೆ. ನಮ್ಮವರು ಬಂದ ಕೂಡಲೇ ಅದನ್ನು ಮೇಜಿನ ಮೇಲೆ ಎಸೆದು, ನನಗೆ ನಕಲಿ ಹಾಕಿ ಕಟ್ಟಿಕೊಂಡಿರಿ ಎಂದೆ. ಅವರು ಉಂಗುರ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಮೊದಲ ಕೆಲಸದ ಆರು ತಿಂಗಳ ಸಂಬಳದಲ್ಲಿ ಮಾಡಿಸಿದ್ದು ಎಂದಷ್ಟೇ ಹೇಳಿದರು. ನಾನು ಆ ಅಂಗಡಿಯವನನ್ನು ಬೈದೆ, ಇವರನ್ನು ಬೈದೆ, ಒಳಗೆ ಇಣುಕುತ್ತಿದ್ದ ಇವರ ತಾಯಿಯನ್ನೂ ಬೈದೆ. ಊಟ ಮಾಡದೆ ಡ್ಯೂಟಿಗೆ ಹೋದರು.

ಕೆನ್ನೆ ಮಾತ್ರ ಕನ್ನಡಿಯಂತಾಗಿದೆ. ನೋಡುವವರು ಯಾರು.

ಮೇ ೩, ಶನಿವಾರ

ಶಾಲೆಯ ಯೂನಿಫಾರಂ ನಲವತ್ತು ಶರ್ಟು. ಹನ್ನೊಂದರ ಗುಂಡಿ ತೂತು ಸೊಟ್ಟಗಾಗಿವೆಯಂತೆ, ಶಾಲೆಯವರು ಹಿಂದೆ ಕಳಿಸಿದ್ದಾರೆ. ಹೊಸ ಬಲ್ಬು ಹಾಕಬೇಕು. ಗಿರಾಕಿಗಳು ಬಂದರೆ ಎದೆ ಡವಗುಟ್ಟುತ್ತದೆ, ಪರದೆಯ ಹಿಂದೆ ನಿಂತು ಅವರು ಹೋಗುವವರೆಗೆ ಕಾಯುತ್ತೇನೆ. ಜನರ ಹತ್ತಿರ ಏನು ಮಾತಾಡುವುದು. ಟೀಚರ್ ಎರಡು ಸಲ ಬಂದು ಹೋದರು. ಅವರನ್ನೂ ನೋಡಲಿಲ್ಲ. ಮುದುಕಿ ಹೊರಗೆ ಹೋಗಿ, ಅವಳಿಗೆ ಹುಷಾರಿಲ್ಲ ಎಂದು ಹೇಳುತ್ತಾಳೆ. ನನಗೇನಾಗಿದೆ? ಕಾಲು ಊದಿಕೊಂಡಿರುವುದು ಅವಳಿಗೆ. ಚಪ್ಪಲಿಯ ಪಟ್ಟಿ ಹಿಡಿಯುತ್ತಿಲ್ಲ. ಇಡೀ ದಿನ ಕೂತರೆ ಊದದೆ ಇನ್ನೇನು.

ಮೇ ೧೪, ಬುಧವಾರ

ಬೆಳಿಗ್ಗೆ ಆಕೆಯ ಕಣ್ಣು ತೆರೆಯಲಾಗಲಿಲ್ಲ, ರೆಪ್ಪೆ ಅಷ್ಟು ಊದಿದ್ದವು. ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಹಾಗೇ ಉಳಿಯುತ್ತದೆ. ಹಿಟ್ಟಿನ ಮೇಲೆ ಒತ್ತಿದ ಹಾಗೆ. ನನಗೆ ಭಯವಾಯಿತು. ನಮ್ಮವರಿಗೆ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗುತ್ತಿದೆಯಂತೆ. ಕಿಡ್ನಿ ಡಾಕ್ಟರಿಗೆ ಬರೆದುಕೊಟ್ಟರು.

ರಿಕ್ಷಾದಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ತನಗೆ ಹೆದರಿಕೆ ಎಂದುಕೊಂಡೆ. ಇಳಿಯುವಾಗ, ನಿನ್ನ ಕೈ ಇವತ್ತೂ ನಡುಗುತ್ತಿದೆ ನೋಡು ಎಂದಳು.

ಮೇ ೨೬, ಸೋಮವಾರ

ಕಿಡ್ನಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಸಕ್ಕರೆ ಇಲ್ಲ, ಬಿಪಿ ಇಲ್ಲ, ಮತ್ತೇಕೆ ಹೀಗೆ ಎಂದು ಕಾಗದಗಳನ್ನು ತಿರುವಿ ಹಾಕುತ್ತಿದ್ದರು. ಆಮೇಲೆ ಪೆನ್ನು ಕೆಳಗಿಟ್ಟು, ಮುಖಕ್ಕೆ ಏನಾದರೂ ಹಚ್ಚುತ್ತೀರಾ ಅಜ್ಜಿ ಎಂದು ಕೇಳಿದರು. ನನಗೆ ನಗು ಬಂತು. ಈ ವಯಸ್ಸಿಗೆ ಇವರೇನು ಹಚ್ಚುತ್ತಾರೆ, ನಾನು ಹಚ್ಚುತ್ತೇನೆ ಅಷ್ಟೇ ಎಂದೆ.

ಅತ್ತೆ ನೆಲ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. ಫೆಬ್ರವರಿಯಿಂದ ದಿನವೂ ನಾನು ಸ್ನಾನಕ್ಕೆ ಹೋದಾಗ ನನ್ನ ಡಬ್ಬಿಯಿಂದ ಒಂದು ಬೆರಳು ತೆಗೆದು ಹಚ್ಚಿಕೊಳ್ಳುತ್ತಿದ್ದರಂತೆ. ಕೆನ್ನೆ, ಕತ್ತು, ಕೈಯ ಮೇಲಿನ ಮುಪ್ಪಿನ ಮಚ್ಚೆಗಳಿಗೆ. ತಂಗಿಯನ್ನು ಡಬ್ಬಿ ಪೂರ್ತಿ ತುಂಬುವುದಿಲ್ಲ ಎಂದು ಎಷ್ಟು ಬೈದಿದ್ದೆ.

"ನಿನ್ನ ಮುಖ ಅಷ್ಟು ಚೆನ್ನಾಗಾಯ್ತಲ್ಲ, ನನಗೂ ಆಸೆ ಆಯ್ತು" ಎಂದರು ಅತ್ತೆ. ನಮ್ಮವರು ಮುಖ ಆಚೆ ತಿರುಗಿಸಿದರು.

ಡಾಕ್ಟರು ನಗಲಿಲ್ಲ. ನನ್ನ ಎರಡೂ ಕೈ ಮುಂದೆ ಚಾಚಲು ಹೇಳಿದರು. ಚಾಚಿದೆ. ಹೊಲಿಗೆ ಯಂತ್ರ ತುಳಿದು ತುಳಿದು ಹಾಗಾಗಿದೆ ಎಂದೆ. ಅವರು ನಮ್ಮವರ ಮುಖ ನೋಡಿದರು. ನಮ್ಮವರು, ಮೊದಲು ಇವಳು ಹೀಗಿರಲಿಲ್ಲ ಎಂದರು. ಕೈಯ ವಿಷಯ ಹೇಳುತ್ತಿದ್ದಾರೆ ಎಂದುಕೊಂಡೆ.

ಕ್ರೀಮಿನ ಡಬ್ಬಿ ಅಲ್ಲಿ ಬಿಟ್ಟು, ನಮ್ಮಿಬ್ಬರ ಮೂತ್ರ, ರಕ್ತ ಕೊಟ್ಟು ಬಂದೆವು. ವರದಿ ಬರುವವರೆಗೆ ಅದನ್ನು ಮುಟ್ಟಬಾರದು ಎಂದಿದ್ದಾರೆ.

ಜೂನ್ ೪, ಬುಧವಾರ

ಪಾದರಸ.

ಜ್ವರ ನೋಡುವ ಕಡ್ಡಿಯಲ್ಲಿ ಇರುತ್ತಲ್ಲ, ಅದೇನಾ ಎಂದು ಕೇಳಿದೆ. ಅದೇ ಎಂದರು ಡಾಕ್ಟರು. ಚರ್ಮ ಬಣ್ಣ ತಯಾರು ಮಾಡುವುದನ್ನೇ ಅದು ನಿಲ್ಲಿಸಿಬಿಡುತ್ತದಂತೆ, ಅದಕ್ಕೇ ಮುಖ ಬೆಳ್ಳಗಾಗುವುದು. "ಮುಖಕ್ಕೆ ಹಚ್ಚಿದ್ದು ಮುಖದಲ್ಲೇ ಇರಲ್ಲ. ರಕ್ತಕ್ಕೆ ಇಳಿಯುತ್ತೆ. ದಿಂಬಿಗೆ, ಟವೆಲ್ಲಿಗೆ, ಮನೇಲಿರೋ ಬೇರೆಯವರಿಗೂ ಹತ್ತುತ್ತೆ" ಎಂದರು. ಡಬ್ಬಿಯ ಮೇಲೆ ಇದರ ಹೆಸರು ಯಾಕಿಲ್ಲ ಎಂದೆ. ಹೆಸರು ಹಾಕಿದ್ದರೆ ನೀವು ಕೊಳ್ಳುತ್ತಿದ್ದಿರಾ ಎಂದರು.

ಅತ್ತೆಗೆ ಅದು ಕಿಡ್ನಿಗೆ ಹೊಡೆದಿದೆ. ನನ್ನ ಮೈಯಲ್ಲಿ ಅವರಿಗಿಂತ ಹೆಚ್ಚಿದೆಯಂತೆ, ಆದರೆ ನನಗೆ ನರಕ್ಕೆ ಹೋಗಿದೆ. ಕೈನಡುಕ, ಮರೆವು, ಸಿಟ್ಟು, ನಿದ್ದೆ ಇಲ್ಲದಿರುವುದು, ಜನರನ್ನು ಕಂಡರೆ ಹೆದರಿಕೆ ಎಂದು ಡಾಕ್ಟರು ಒಂದೊಂದಾಗಿ ಹೇಳುತ್ತಿದ್ದರೆ, ಯಾರೋ ನನ್ನ ಡೈರಿ ಓದಿ ಹೇಳಿದ ಹಾಗಿತ್ತು. ಉಂಗುರವನ್ನೂ ತೋರಿಸಿದೆ. ಪಾದರಸ ತಾಗಿದರೆ ಬಂಗಾರ ಹೀಗೇ ಬಿಳಿಚಿಕೊಳ್ಳುತ್ತದಂತೆ. ಅಸಲಿ ಬಂಗಾರವೇ. ನಮ್ಮವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ನಾನು ಅವರ ಕ್ಷಮೆ ಕೇಳಬೇಕಿತ್ತು.

ದಿಂಬು, ಟವೆಲ್, ಹೊದಿಕೆ ಎಲ್ಲ ಚೀಲ ಕಟ್ಟಿ ಆಸ್ಪತ್ರೆಯವರು ಹೇಳಿದ ಕಡೆ ಕೊಟ್ಟು ಬರಬೇಕು. ಇಬ್ಬರಿಗೂ ಪಾದರಸ ಹೊರಹಾಕುವ ಮಾತ್ರೆ. ಕೊನೆಗೆ ಡಾಕ್ಟರು, ಬೇರೆ ಯಾರಿಗಾದರೂ ಕೊಟ್ಟಿದ್ದೀರಾ, ಅದರಲ್ಲೂ ಬಸುರಿಯರಿಗೆ ಎಂದು ಕೇಳಿದರು.

ಇಲ್ಲ ಎಂದೆ.

ಜೂನ್ ೫, ಗುರುವಾರ

ಟೀಚರ್ ಬೀದಿಯಲ್ಲಿ ಹೋದರು. ಪರದೆ ಎಳೆದೆ.

ಜೂನ್ ೭, ಶನಿವಾರ

ತಂಗಿಯನ್ನು ಕರೆಸಿ ಎಲ್ಲ ಹೇಳಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ತನ್ನ ಕೈಗಳನ್ನೇ ನೋಡುತ್ತಾ ಕೂತಳು. ಡ್ರಮ್ಮಿನಿಂದ ಡಬ್ಬಿಗೆ ತುಂಬಿದ್ದು ಅದೇ ಕೈ. ಓನರ್‌ಗೆ ಗೊತ್ತಿದೆಯೋ ಇಲ್ಲವೋ, ಗೊತ್ತಿದ್ದರೂ ನಿಲ್ಲಿಸುವುದಿಲ್ಲ ಎಂದಳು. ಪರೀಕ್ಷೆ ಮಾಡಿಸಿಕೊ ಎಂದೆ, ಸೋಮವಾರ ಹೋಗುತ್ತೇನೆ ಎಂದಳು. ಏಳುವಾಗ ನನ್ನ ತೋಳು ಹಿಡಿದುಕೊಂಡಳು.

"ಅಕ್ಕ, ಟೀಚರಿಗೆ ಹೇಳಬೇಡ. ನಿನ್ನ ಅಂಗಡಿಗೆ ಇನ್ನು ಯಾರು ಬರ್ತಾರೆ? ನಾನಂತೂ ಬೀದಿಪಾಲಾಗ್ತೀನಿ. ಮಗು ಹುಟ್ಟೋದು ಹೇಗೂ ಹುಟ್ಟುತ್ತೆ."

ಅವಳು ಹೇಳುವುದರಲ್ಲೂ ಅರ್ಥವಿದೆ. ಬಾಯಿ ಬಿಟ್ಟರೆ ಬಣ್ಣಗೇಡು. ಟೀಚರ್ ಒಂದೇ ಡಬ್ಬಿ ತೆಗೆದುಕೊಂಡದ್ದು. ಅಥವಾ ಎರಡು. ಈಗಾಗಲೇ ಖಾಲಿಯಾಗಿ ಬಿಸಾಡಿಯೂ ಇರಬಹುದು. ಬಸುರಿಗೆ ಸುಮ್ಮನೆ ಹೆದರಿಸುವುದೂ ಪಾಪ.

ಜೂನ್ ೯, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ನೋಡಿದರೆ ಅತ್ತೆ ಬಾಗಿಲಲ್ಲಿ ಕೂತು, ಊದಿದ ಕಾಲನ್ನು ನಮ್ಮವರ ಹಳೆಯ ಚಪ್ಪಲಿಗೆ ತೂರಿಸುತ್ತಿದ್ದರು. ಎಲ್ಲಿಗೆ ಎಂದೆ. ಟೀಚರ್ ಮನೆಗೆ ಎಂದರು. ಮೊನ್ನೆ ನಾನೂ ತಂಗಿಯೂ ಆಡಿದ್ದು ಕೋಣೆಗೆ ಕೇಳಿಸಿದೆ. ನಾನು ಹೊಸ್ತಿಲಿಗೆ ಅಡ್ಡ ನಿಂತೆ. ನಿಮ್ಮ ಕೈಯಲ್ಲಿ ನಾಲ್ಕು ಹೆಜ್ಜೆ ಇಡಲಾಗುವುದಿಲ್ಲ, ಊರ ಉಸಾಬರಿ ಬೇಕಾ ಎಂದು ಕೂಗಿದೆ. ಅವರು ತಲೆ ಎತ್ತದೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು.

"ನೀನು ಬೈತಿದ್ದಾಗೆಲ್ಲ ನಾನು ಅಂದ್ಕೋತಿದ್ದೆ, ಇದು ಇವಳ ಮಾತಲ್ಲ, ಯಾವುದೋ ಕಾಯಿಲೆ ಮಾತು ಅಂತ. ಅದಕ್ಕೇ ಸುಮ್ಮನಿದ್ದೆ. ಇವತ್ತಿಂದು ಕಾಯಿಲೆ ಅಲ್ಲಮ್ಮ. ಇದು ನೀನೇ."

ಹೊಸ್ತಿಲು ಬಿಟ್ಟು ಸರಿದೆ. ಆಮೇಲೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಒಬ್ಬಳೇ ಹೋದೆ. ನಮ್ಮ ಮನೆಯಿಂದ ಅವರ ಮನೆಗೆ ಹದಿನೇಳು ಬಾಗಿಲು. ಮೂರು ಸಲ ಹಿಂದಿರುಗಿ ನೋಡಿದೆ. ಅತ್ತೆ ಹೊರಗೆ ಬಂದು ಗೋಡೆ ಹಿಡಿದು ನಿಂತಿದ್ದರು.

ಟೀಚರ್ ಪುಸ್ತಕ ತಿದ್ದುತ್ತಿದ್ದರು. ಅಕ್ಕಾ, ಅಂತೂ ಮುಖ ತೋರಿಸಿದಿರಲ್ಲ ಎಂದು ಎದ್ದು ಬಂದರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಪಾದರಸ ಎಂದೆ, ಅತ್ತೆಯ ಕಿಡ್ನಿ ಎಂದೆ, ನನ್ನ ಕೈ ತೋರಿಸಿದೆ, ವರದಿಯ ಕಾಗದ ಮೇಜಿನ ಮೇಲಿಟ್ಟೆ. ಅವರು ಕಾಗದ ಓದಿದರು, ಮತ್ತೆ ಮೊದಲಿನಿಂದ ಓದಿದರು. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಒಳಗೆ ಹೋಗಿ ಎರಡು ಡಬ್ಬಿ ತಂದರು. ಒಂದು ಖಾಲಿ. ಇನ್ನೊಂದರಲ್ಲಿ ಅರ್ಧ.

"ನಾನು ಏನೂ ಆಗಲ್ವಾ ಅಂತ ಕೇಳಿದ್ದೆ."

"ಕೇಳಿದ್ರಿ."

"ನೀವು ಆಗಲ್ಲ ಅಂದ್ರಿ."

ಹೌದು ಎಂದೆ. ಈಗ ಹೋಗಿ ಎಂದರು. ಅವರ ಧ್ವನಿ ಜೋರಾಗಿರಲಿಲ್ಲ. ಬಾಗಿಲವರೆಗೆ ಬಂದು ಕಳಿಸುವುದು ಅವರ ರೂಢಿ, ಇವತ್ತು ಕೂತಲ್ಲಿಂದ ಏಳಲಿಲ್ಲ.

ಜೂನ್ ೨೮, ಶನಿವಾರ

ಅತ್ತೆಯ ಊತ ಒಂದು ಬೆರಳಷ್ಟು ಇಳಿದಿದೆ. ಉಪ್ಪಿಲ್ಲದ ಅಡುಗೆಗೆ ಮುಖ ಕಿವಿಚುತ್ತಾರೆ. ಇನ್ನೊಬ್ಬರ ಡಬ್ಬಿಗೆ ಕೈ ಹಾಕಿದ್ದಕ್ಕೆ ಸರಿಯಾದ ಶಿಕ್ಷೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಅದು ನನ್ನನ್ನು ನಗಿಸಲು ಎಂದು ಗೊತ್ತು. ನಕ್ಕೆ. ಬೆಳಿಗ್ಗೆ ದಾರ ಅವರೇ ಪೋಣಿಸಿಕೊಟ್ಟರು, ಹತ್ತು ಸೂಜಿಗೆ, ಸಾಲಾಗಿ ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿ. ತಂಗಿಯ ಮೂತ್ರದಲ್ಲೂ ಅದೇ ಬಂದಿದೆ. ಕೆಲಸ ಬಿಟ್ಟಿದ್ದಾಳೆ. ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ.

ಮಧ್ಯಾಹ್ನ ಟೀಚರ್ ಬಂದರು. ನಾನು ಪರದೆಯ ಕಡೆ ಹೋಗಲಿಲ್ಲ, ಹೋಗಬೇಕೆನಿಸಿತ್ತು. ಅವರ ಪರೀಕ್ಷೆಯಲ್ಲೂ ಪಾದರಸ ಸಿಕ್ಕಿದೆ, ನಮ್ಮಷ್ಟು ಇಲ್ಲ. ಸ್ಕ್ಯಾನಿನಲ್ಲಿ ಮಗು ಬೆಳೆಯುತ್ತಿದೆ. ಆದರೆ ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದನ್ನೆಲ್ಲ ಹಾಜರಿ ಕರೆದ ಹಾಗೆ ಹೇಳಿ ಮುಗಿಸಿದರು. ಆಮೇಲೆ ಕೇಳಿದರು:

"ನನ್ನ ಬಿಟ್ಟು ಇನ್ನು ಯಾರ‍್ಯಾರಿಗೆ ಕೊಟ್ಟಿದ್ದೀರಿ?"

ಒಂದಿಬ್ಬರಿಗೆ ಎಂದೆ. ಅವರು ಅಲ್ಲಾಡದೆ ನಿಂತರು. ಕ್ಲಾಸಿನಲ್ಲಿ ಸುಳ್ಳು ಹೇಳುವ ಮಕ್ಕಳ ಮುಂದೆ ಹಾಗೇ ನಿಲ್ಲುತ್ತಾರೇನೋ. ಅಳತೆ ಪುಸ್ತಕ ತೆಗೆದು ಹೆಸರು ಹುಡುಕುತ್ತಾ ಹೋದೆ. ಒಂಬತ್ತು ಜನ. ಅಷ್ಟು ಜನಕ್ಕೆ ಕೊಟ್ಟದ್ದು ನನಗೇ ನೆನಪಿರಲಿಲ್ಲ. ನೆನಪಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ.

ಜುಲೈ ೬, ಭಾನುವಾರ

ಟೀಚರೇ ನನ್ನ ಜೊತೆ ಬಂದರು. ಏಳೂವರೆ ತಿಂಗಳ ಹೊಟ್ಟೆ ಹೊತ್ತುಕೊಂಡು. ಬೇಡ ಎಂದರೆ, ನೀವು ಒಬ್ಬರೇ ಹೋದರೆ ಅರ್ಧಕ್ಕೇ ವಾಪಸ್ ಬರ‍್ತೀರಿ ಎಂದರು.

ಆರು ಮನೆಯವರು ಡಬ್ಬಿ ಕೊಟ್ಟು ಆಸ್ಪತ್ರೆಯ ವಿಳಾಸ ಬರೆದುಕೊಂಡರು. ಅವರಲ್ಲಿ ಒಬ್ಬಾಕೆ ನನ್ನ ಮುಖಕ್ಕೆ ಉಗಿಯುವುದೊಂದು ಬಾಕಿ. ಇಬ್ಬರ ಮನೆಗೆ ಬೀಗ, ಮತ್ತೆ ಹೋಗಬೇಕು. ಕೊನೆಯವಳು ಬೇಕರಿ ಕೌಂಟರಿನಲ್ಲಿ ನಿಲ್ಲುವ ಹುಡುಗಿ. ಅವಳು ನಮ್ಮ ಮಾತು ಕೇಳಲೇ ಇಲ್ಲ. ನನಗೇನೂ ಆಗಿಲ್ಲ, ಈ ಮುಖ ಬಂದ ಮೇಲೇ ಜನ ನನ್ನ ಕಣ್ಣು ನೋಡಿ ಮಾತಾಡುವುದು ಎಂದಳು. ನನ್ನ ಮುಖ ನೋಡು ಎಂದೆ. ಕ್ರೀಮು ಬಿಟ್ಟ ಮೇಲೆ ಭಂಗು ಮೊದಲಿಗಿಂತ ಕಪ್ಪಾಗಿ ಎದ್ದಿದೆ. ನೋಡಿದಳು. ಅದಕ್ಕೇ ಬಿಡಲ್ಲ ನಾನು ಎಂದು ಬಾಗಿಲು ಹಾಕಿಕೊಂಡಳು. ಕಾಗದವನ್ನು ಬಾಗಿಲ ಕೆಳಗೆ ತೂರಿಸಿ ಬಂದೆವು.

ಪಾರ್ಲರಿನ ಮೇಲೆ ಟೀಚರ್ ದೂರು ಬರೆದು ಕೊಟ್ಟಿದ್ದಾರೆ, ನಾನೂ ತಂಗಿಯೂ ಸಹಿ ಹಾಕಿದ್ದೇವೆ. ತಂಗಿ ಮಾತಾಡದೇ ಸಹಿ ಹಾಕಿದಳು.

ಆಗಸ್ಟ್ ೮, ಶುಕ್ರವಾರ

ಪಾರ್ಲರಿಗೆ ಯಾರೋ ಅಧಿಕಾರಿಗಳು ಬಂದು ಡ್ರಮ್ಮು ಹೊತ್ತುಕೊಂಡು ಹೋದರಂತೆ. ಪಕ್ಕದ ಅಂಗಡಿಯಲ್ಲಿ ಅಂಥದೇ ಕ್ರೀಮು ಹಸಿರು ಡಬ್ಬಿಯಲ್ಲಿ ಬಂದಿದೆ. ಒಂದು ತಂದು ಡಾಕ್ಟರಿಗೆ ಕೊಟ್ಟೆ. ಬೇಕರಿ ಹುಡುಗಿಯ ಮನೆಗೆ ಮೂರನೆಯ ಸಲ ಹೋಗಿದ್ದೆ, ಬಾಗಿಲು ತೆರೆಯಲಿಲ್ಲ.

ನಮ್ಮವರು ಉಂಗುರವನ್ನು ಅಕ್ಕಸಾಲಿಗನ ಹತ್ತಿರ ಕಾಯಿಸಿ ತರುತ್ತೇನೆಂದರು. ಕಾಯಿಸಿದರೆ ಹೊಗೆಯಲ್ಲಿ ಪಾದರಸ ಬರುತ್ತದೆ, ಆ ಅಕ್ಕಸಾಲಿಗ ಯಾಕೆ ಕುಡಿಯಬೇಕು, ಬೇಡ ಎಂದೆ. ಹಾಗಾದರೆ ಹಾಗೇ ಇರಲಿ ಎಂದರು. ಏಪ್ರಿಲ್‌ನ ಆ ದಿನಕ್ಕೆ ಇವತ್ತು ಕ್ಷಮೆ ಕೇಳಿದೆ. ಯಾವ ದಿನ ಎಂದರು.

ಸೆಪ್ಟೆಂಬರ್ ೧, ಸೋಮವಾರ

ಶುಕ್ರವಾರ ಟೀಚರಿಗೆ ಹೆಣ್ಣು ಮಗು. ನನಗೆ ಹೇಳಿ ಕಳಿಸಿರಲಿಲ್ಲ. ಅತ್ತೆಯ ತಪಾಸಣೆಗೆಂದು ಇವತ್ತು ಆಸ್ಪತ್ರೆಗೆ ಹೋದಾಗ ಡಾಕ್ಟರೇ ಹೇಳಿದರು. ಅತ್ತೆಯ ಪ್ರೋಟೀನ್ ಸೋರುವುದು ಅರ್ಧಕ್ಕೆ ಇಳಿದಿದೆ. ಪೂರ್ತಿ ನಿಲ್ಲುತ್ತದೋ ಇಲ್ಲವೋ ಹೇಳಲಾಗದು ಎಂದರು.

ಮೇಲಿನ ವಾರ್ಡಿಗೆ ಹೋಗೋಣ ಎಂದು ಅತ್ತೆ ಹಟ ಹಿಡಿದರು. ಎರಡು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದೆವು. ನಾನು ಬಾಗಿಲಲ್ಲೇ ನಿಂತೆ. ಅತ್ತೆ ಒಳಗೆ ಹೋಗಿ ಮಗುವಿನ ಹಣೆ ಮುಟ್ಟದೆ, ಬಗ್ಗಿ ನೋಡಿ, ನಿಮ್ಮ ಮೂಗೇ ಎಂದು ಟೀಚರಿಗೆ ಹೇಳಿದರು. ಮಗು ಅತ್ತಿದೆ, ಹಾಲು ಕುಡಿಯುತ್ತದೆ, ಚಪ್ಪಾಳೆ ತಟ್ಟಿದರೆ ಬೆಚ್ಚುತ್ತದೆ. ಅಷ್ಟು ಗೊತ್ತು. ಉಳಿದದ್ದು ಅದು ಕೂರುವಾಗ, ನಡೆಯುವಾಗ, ಮಾತಾಡುವಾಗ ಗೊತ್ತಾಗಬೇಕು. ಮೂರು ವರ್ಷ ನೋಡುತ್ತಿರಬೇಕಂತೆ.

ಟೀಚರ್ ನನ್ನ ಕಡೆ ನೋಡಿದರು. ನಾನೂ ನೋಡಿದೆ.

"ಅಲ್ಲೇ ನಲ್ಲಿ ಇದೆ" ಎಂದರು. "ಕೈ ತೊಳ್ಕೊಂಡು ಬನ್ನಿ. ಎತ್ಕೊಳ್ಳಿ."

ಮೂಲೆಯ ನಲ್ಲಿಗೆ ಹೋದೆ. ಸೋಪು ಹಚ್ಚಿ ಮೊಣಕೈವರೆಗೆ ತೊಳೆದೆ. ಉಗುರಿನ ಸಂದು ತೊಳೆದೆ. ಮತ್ತೊಮ್ಮೆ ಮೊದಲಿನಿಂದ ತೊಳೆದೆ. ಪಕ್ಕದ ಮೊಳೆಗೆ ಒಂದು ಟವೆಲ್ ತೂಗಿ ಹಾಕಿತ್ತು, ಅದನ್ನು ಮುಟ್ಟಲು ಧೈರ್ಯವಾಗಲಿಲ್ಲ. ಎರಡೂ ಕೈ ಮೇಲೆತ್ತಿ ಹಿಡಿದು, ಗಾಳಿಗೆ ಆರಲಿ ಎಂದು ನಿಂತೆ. ಟೀಚರ್ ಮಗುವನ್ನು ಮಡಿಲಿನಿಂದ ಸ್ವಲ್ಪ ಎತ್ತಿ ಹಿಡಿದು ಕಾಯುತ್ತಿದ್ದರು.